ಕಾಳು, ಹುಲ್ಲು, ಮೆಲುಕು: ಕುರುಡುಮಲೆ ಸೀಮೆಯ ಕೊಟ್ಟಿಗೆ ರಾಸುಗಳ ಆಹಾರ ಮತ್ತು ವರ್ತನೆಯ ಚರಿತ್ರೆ

ಪೀಠಿಕೆ

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿಗೆ ಸೇರಿದ ಕುರುಡುಮಲೆಯು ಗಣಪತಿ ಮತ್ತು ಸೋಮೇಶ್ವರ ದೇವಾಲಯಗಳಿಂದ ಹೆಸರಾದ ಊರು. ಅದರ ಸುತ್ತಣ ಬಂಡೆಗುಡ್ಡ, ಕೆರೆಯಂಗಳ ಮತ್ತು ಬೆದ್ದಲು ಹೊಲಗಳ ಬದುಕು ಬಹುಕಾಲದಿಂದ ರಾಗಿ ಮತ್ತು ರಾಸುಗಳನ್ನು ಆಧರಿಸಿ ನಡೆದುಬಂದಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ರಾಗಿಯ ತೆನೆ ಮನೆಯ ಕಣಜಕ್ಕೂ ಹುಲ್ಲು ಬಣವೆಗೂ ಹೋಗುತ್ತಿದ್ದವು; ಕಾಳು ಮನುಷ್ಯರ ಪಾಲು, ಹುಲ್ಲು ದನದ ಪಾಲು ಎಂಬುದೇ ಬೇಸಾಯದ ಲೆಕ್ಕವಾಗಿತ್ತು. ಸೀಮೆಹಸು ಮತ್ತು ಹಾಲಿನ ಡೈರಿ ಬಂದ ಮೇಲೆ ಈ ಲೆಕ್ಕ ಬದಲಾಗಿ, ಮುಸುಕಿನ ಜೋಳವೇ ಮೊದಲಾದ ಕಾಳುಗಳಿಂದ ತಯಾರಾದ ದಾಣಿ ಮಿಶ್ರಣ ಹಸುವಿನ ದಿನದ ಆಹಾರದಲ್ಲಿ ಮುಖ್ಯ ಸ್ಥಾನ ಪಡೆದಿದೆ.

ಕಾಳು ಹೆಚ್ಚಾದರೆ ಹಾಲು ಹೆಚ್ಚುತ್ತದೆ, ಮೈ ತುಂಬುತ್ತದೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ಅದೇ ಕಾಳು ರಾಸು ತಿನ್ನುವ, ಮೆಲುಕು ಹಾಕುವ, ಮಲಗುವ ಮತ್ತು ನಿಲ್ಲುವ ರೀತಿಯನ್ನೂ ಬದಲಿಸುತ್ತದೆ ಎಂಬುದರ ಕಡೆಗೆ ಅಷ್ಟು ಗಮನ ಹರಿದಿಲ್ಲ. ಮಾಂಸಕ್ಕಾಗಿ ಸಾವಿರಾರು ಹೋರಿಗಳನ್ನು ಬಯಲು ದೊಡ್ಡಿಗಳಲ್ಲಿ ಕೂಡಿಟ್ಟು ಕಾಳು ತಿನ್ನಿಸಿ ಕೊಬ್ಬಿಸುವ ಫೀಡ್‌ಲಾಟ್ ಪದ್ಧತಿ ಕೋಲಾರದಲ್ಲಿಲ್ಲ. ಆದರೆ ಮೇಯಲು ಬಿಡದೆ, ಗೂಟಕ್ಕೆ ಕಟ್ಟಿ, ತಂದು ಹಾಕಿದ್ದನ್ನೇ ತಿನ್ನಬೇಕಾದ ಕೊಟ್ಟಿಗೆ ಹಸುವಿನ ಸ್ಥಿತಿ ಅದಕ್ಕೆ ಬಹಳ ಹತ್ತಿರದ್ದು. ಈ ಹೋಲಿಕೆಯ ಬೆಳಕಿನಲ್ಲಿ ಕುರುಡುಮಲೆ ಸೀಮೆಯ ರಾಸುಗಳ ಆಹಾರದ ಇತಿಹಾಸವನ್ನು ನೋಡುವುದು, ಮತ್ತು ರಾಸಿನ ವರ್ತನೆಯೇ ಅದರ ಆಹಾರದ ಸರಿತಪ್ಪುಗಳನ್ನು ಎಲ್ಲಕ್ಕಿಂತ ಮೊದಲು ತಿಳಿಸುವ ಸಾಕ್ಷ್ಯ ಎಂಬುದನ್ನು ಸ್ಥಾಪಿಸುವುದು ಈ ಲೇಖನದ ಉದ್ದೇಶ.

ಹುರುಳಿಯ ಕಾಲ

ಹಳೆಯ ಮೈಸೂರು ಸೀಮೆಯಲ್ಲಿ ರಾಸಿಗೆ ಕಾಳು ಹಾಕುವುದು ಹೊಸದೇನಲ್ಲ. ಉಳುವ, ಗಾಡಿ ಎಳೆಯುವ ಹಳ್ಳಿಕಾರ್ ಎತ್ತುಗಳಿಗೆ ಹುರುಳಿಯನ್ನು ನೆನೆಸಿ ಅಥವಾ ಬೇಯಿಸಿ, ರುಬ್ಬಿ ಕೊಡುವ ರೂಢಿಯಿತ್ತು. ಕಡಲೆಕಾಯಿ ಹಿಂಡಿ, ಹತ್ತಿಕಾಳು, ತೌಡು ಮತ್ತು ಮನೆಯ ಕಲಗಚ್ಚು ಅದರೊಂದಿಗೆ ಸೇರುತ್ತಿದ್ದವು. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ಶಿವರಾತ್ರಿಯ ಸುಮಾರಿಗೆ ಸೇರುವ ದನಗಳ ಜಾತ್ರೆಗೆ ಹೋರಿಗಳನ್ನು ಸಜ್ಜುಗೊಳಿಸುವಾಗ ಈ ಆರೈಕೆ ಇನ್ನೂ ಹೆಚ್ಚುತ್ತಿತ್ತು.

ಈ ಪದ್ಧತಿಯ ಮೂರು ಲಕ್ಷಣಗಳನ್ನು ಗುರುತಿಸಬೇಕು. ಮೊದಲನೆಯದಾಗಿ, ಕಾಳು ಹುಲ್ಲಿನ ಜೊತೆಗೆ ಸೇರುತ್ತಿತ್ತೇ ಹೊರತು ಹುಲ್ಲಿನ ಜಾಗವನ್ನು ಆಕ್ರಮಿಸುತ್ತಿರಲಿಲ್ಲ. ಎತ್ತಿನ ಹೊಟ್ಟೆ ತುಂಬುತ್ತಿದ್ದುದು ರಾಗಿಹುಲ್ಲಿನಿಂದಲೇ. ಎರಡನೆಯದಾಗಿ, ಉಳುಮೆ ಮತ್ತು ಗಾಡಿಯ ದುಡಿಮೆಯ ದಿನಗಳಲ್ಲಿ ಕಾಳು ಹೆಚ್ಚುತ್ತಿತ್ತು, ಬಿಡುವಿನ ದಿನಗಳಲ್ಲಿ ಕಡಿಮೆಯಾಗುತ್ತಿತ್ತು. ಕಾಳಿನಿಂದ ಬಂದ ಕಸುವು ಆ ದುಡಿಮೆಗೇ ವೆಚ್ಚವಾಗುತ್ತಿತ್ತು. ಮೂರನೆಯದಾಗಿ, ರಾಸುಗಳು ದಿನದ ಒಂದಷ್ಟು ಹೊತ್ತು ಗೋಮಾಳದಲ್ಲೋ ಕೆರೆಯಂಗಳದಲ್ಲೋ ಅಡ್ಡಾಡಿ ಮೇಯುತ್ತಿದ್ದುದರಿಂದ ಬಾಯಿಗೂ ಕಾಲಿಗೂ ಕೆಲಸವಿರುತ್ತಿತ್ತು. ಕೆಲಸವಿಲ್ಲದೆ ಹುರುಳಿ ತಿಂದ ಹೋರಿ ಸೊಕ್ಕುತ್ತದೆ ಎಂಬ ರೈತರ ತಿಳಿವಳಿಕೆಯು ಆಹಾರ ಮತ್ತು ವರ್ತನೆಯ ಸಂಬಂಧದ ಬಗ್ಗೆ ಈ ಸೀಮೆ ಮಾಡಿಕೊಂಡಿದ್ದ ಮೊದಲ ಅವಲೋಕನಗಳಲ್ಲಿ ಒಂದು.

ರಾಸುಗಳ ಸಾಕಣೆ ಮತ್ತು ಹೈನುಗಾರಿಕೆಯ ವ್ಯವಸ್ಥಿತ ಶಿಕ್ಷಣ, ಸಂಶೋಧನೆಗಳಿಗೂ ಈ ಪ್ರದೇಶದ ಮಗ್ಗುಲಲ್ಲೇ ನೆಲೆ ಸಿಕ್ಕಿತು. 1923ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಪೀರಿಯಲ್ ಪಶುಸಂಗೋಪನೆ ಮತ್ತು ಹೈನುಗಾರಿಕೆ ಸಂಸ್ಥೆಗೆ 1927ರಲ್ಲಿ ಮಹಾತ್ಮ ಗಾಂಧಿಯವರು ಬಂದು ಗೋಪಾಲನೆಯ ಪಾಠ ಕಲಿತದ್ದು ದಾಖಲಾಗಿದೆ. ಮುಂದೆ 1955ರಲ್ಲಿ ಕರ್ನಾಲ್‌ಗೆ ಸ್ಥಳಾಂತರಗೊಂಡ ರಾಷ್ಟ್ರೀಯ ಹೈನುಗಾರಿಕೆ ಸಂಶೋಧನಾ ಸಂಸ್ಥೆಯ ಮೂಲ ಇದೇ ಆಗಿದ್ದು, ಅದರ ದಕ್ಷಿಣ ಕೇಂದ್ರ ಬೆಂಗಳೂರಿನಲ್ಲಿ ಉಳಿದುಕೊಂಡಿತು.

ಸೀಮೆಹಸು ಮತ್ತು ದಾಣಿ ಮಿಶ್ರಣ

1960ರ ದಶಕದಿಂದ ಈಚೆಗೆ ಮಿಶ್ರತಳಿ ಹಸುಗಳು ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳ ಹಳ್ಳಿಗಳನ್ನು ಪ್ರವೇಶಿಸಿದವು. ಡೆನ್ಮಾರ್ಕ್ ನೆರವಿನ ಹೆಸರಘಟ್ಟದ ತಳಿ ಅಭಿವೃದ್ಧಿ ಕೇಂದ್ರ ಇದಕ್ಕೆ ಬಲ ನೀಡಿತು. ಕೇಂದ್ರ ಸರ್ಕಾರದಲ್ಲಿ ಕೃಷಿ ಖಾತೆಯ ಉಪಮಂತ್ರಿಯಾಗಿದ್ದ, ಕೋಲಾರ ಜಿಲ್ಲೆಯವರೇ ಆದ ಎಂ. ವಿ. ಕೃಷ್ಣಪ್ಪನವರನ್ನು ಜಿಲ್ಲೆಯ ಜನ ಈ ಬದಲಾವಣೆಗೆ ಶ್ರಮಿಸಿದವರೆಂದು ಇಂದಿಗೂ ನೆನೆಯುತ್ತಾರೆ. ವಿಶ್ವಬ್ಯಾಂಕ್ ನೆರವಿನೊಂದಿಗೆ 1974ರಲ್ಲಿ ಆರಂಭವಾದ ಕರ್ನಾಟಕ ಹೈನುಗಾರಿಕೆ ಅಭಿವೃದ್ಧಿ ಯೋಜನೆ ಹಳ್ಳಿ ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳನ್ನು ಕಟ್ಟಿತು, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ರೂಪುಗೊಂಡಿತು, 1987ರಲ್ಲಿ ಕೋಲಾರಕ್ಕೆ ತನ್ನದೇ ಹಾಲು ಒಕ್ಕೂಟ ಬಂದಿತು. ರಾಜಾನುಕುಂಟೆ, ಗುಬ್ಬಿ, ಧಾರವಾಡ, ಹಾಸನಗಳ ಘಟಕಗಳಲ್ಲಿ ತಯಾರಾದ ಪಶು ಆಹಾರದ ಮೂಟೆಗಳು ಅದೇ ಸಂಘಗಳ ಮೂಲಕ ಕೊಟ್ಟಿಗೆಯನ್ನು ತಲುಪಿದವು.

ಈ ಬದಲಾವಣೆಗೆ ಬಲವಾದ ಕಾರಣಗಳಿದ್ದವು. ಒಣಗಿದ ರಾಗಿಹುಲ್ಲಿನಲ್ಲಿ ಸಸಾರಜನಕದ ಪ್ರಮಾಣ ನೂರಕ್ಕೆ ಸುಮಾರು 3ರಿಂದ 4 ಮಾತ್ರ. ದಿನಕ್ಕೆ 15 ಲೀಟರ್‌ಗೂ ಹೆಚ್ಚು ಹಾಲು ಕೊಡುವ ಹಸುವನ್ನು ಅದೊಂದರಿಂದಲೇ ಸಾಕಲು ಸಾಧ್ಯವಿಲ್ಲ. ಮಳೆ ಕೈಕೊಟ್ಟು ಕೊಳವೆಬಾವಿಗಳು ಬತ್ತಿದ ವರ್ಷಗಳಲ್ಲಿ ಹಸಿಮೇವು ಬೆಳೆಯುವುದೂ ಕಷ್ಟವಾಗಿ, ಮೂಟೆಯ ಆಹಾರವೇ ಕೈಗೆ ಸುಲಭವಾಗಿ ಎಟಕುವಂಥದಾಯಿತು. ಟೊಮೆಟೊ, ರೇಷ್ಮೆ ಕೃಷಿಗಳ ಏಳುಬೀಳಿನ ನಡುವೆ ವಾರವಾರ ಕೈಗೆ ಹಣ ತರುವ ಹಾಲಿನ ಬಟವಾಡೆ ಈ ಸೀಮೆಯ ಸಣ್ಣ ಹಿಡುವಳಿದಾರರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಎತ್ತಿಹಿಡಿದಿದೆ. ಆದ್ದರಿಂದ ದಾಣಿ ಮಿಶ್ರಣವನ್ನು ದೂಷಿಸುವುದು ಈ ಅಧ್ಯಯನದ ದಾರಿಯಲ್ಲ. ಹುಲ್ಲಿಗೂ ಕಾಳಿಗೂ ಇರಬೇಕಾದ ಪ್ರಮಾಣ ತಪ್ಪಿದಾಗ ಏನಾಗುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಮೆಲುಕಿನ ಕ್ರಿಯೆ

ಹಸುವಿನ ನಾಲ್ಕು ಕೋಣೆಗಳ ಜಠರದಲ್ಲಿ ಮೊದಲನೆಯದೂ ಅತಿ ದೊಡ್ಡದೂ ಆದ ಕೋಣೆಗೆ ರೂಮೆನ್ ಎಂದು ಹೆಸರು. ಇದರೊಳಗಿನ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ, ಹಸುವಿನ ಕಸುವಿಗೆ ಆಧಾರವಾದ ಆಮ್ಲಗಳನ್ನು ತಯಾರಿಸುತ್ತವೆ. ಉದ್ದನೆಯ ಹುಲ್ಲು ರೂಮೆನ್ನಿನ ಒಳಗೋಡೆಯನ್ನು ಕೆರೆದು ಪ್ರಚೋದಿಸಿದಾಗ ಮೆಲುಕು ಆರಂಭವಾಗುತ್ತದೆ. ನೆಮ್ಮದಿಯಿಂದ ಮಲಗಿದ ಹಸುವಿನ ಕತ್ತಿನ ಎಡಬದಿಯನ್ನು ಗಮನಿಸಿದರೆ ಒಂದು ಉಂಡೆ ಕೆಳಗಿನಿಂದ ಮೇಲಕ್ಕೆ ಸರಿಯುವುದು ಕಾಣುತ್ತದೆ. ದವಡೆ ಒಂದೇ ಲಯದಲ್ಲಿ ಐವತ್ತು ಅರವತ್ತು ಬಾರಿ ಆಡುತ್ತದೆ. ಉಂಡೆ ಕೆಳಗಿಳಿದು ಕೆಲವು ಕ್ಷಣ ಎಲ್ಲವೂ ನಿಂತು, ಮತ್ತೊಂದು ಉಂಡೆ ಮೇಲೇರುತ್ತದೆ. ಸಾಕಷ್ಟು ಹುಲ್ಲು ತಿನ್ನುವ ಹಸು ದಿನಕ್ಕೆ 7ರಿಂದ 9 ಗಂಟೆ ಹೀಗೆ ಮೆಲುಕು ಹಾಕುತ್ತದೆ ಮತ್ತು ನೂರು ಲೀಟರ್‌ಗೂ ಮಿಕ್ಕಿ ಜೊಲ್ಲು ಸುರಿಸುತ್ತದೆ. ಆ ಜೊಲ್ಲಿನಲ್ಲಿರುವ ಕ್ಷಾರವೇ ರೂಮೆನ್ನಿನ ಹುಳಿಯನ್ನು ಹದದಲ್ಲಿಡುವ ಔಷಧ.

ಕಾಳಿನ ಪಿಷ್ಟ ನಾರಿಗಿಂತ ಬಹಳ ಬೇಗ ಹುದುಗುತ್ತದೆ, ಆದರೆ ಅದಕ್ಕೆ ಅಗಿತ ಬೇಕಿಲ್ಲ. ಹೀಗಾಗಿ ಆಮ್ಲ ಹೆಚ್ಚುವ ಹೊತ್ತಿನಲ್ಲೇ ಜೊಲ್ಲು ಕಡಿಮೆಯಾಗುತ್ತದೆ. ಸಾಮಾನ್ಯವಾಗಿ 6ರಿಂದ 7ರ ನಡುವೆ ಇರಬೇಕಾದ ರೂಮೆನ್ನಿನ ಪಿಎಚ್ ಮಟ್ಟ, ಎಂದರೆ ಹುಳಿ–ಕ್ಷಾರಗಳ ಅಳತೆ, ದಿನದ ಹಲವು ಗಂಟೆ ಸುಮಾರು 5.6ಕ್ಕಿಂತ ಕೆಳಗಿಳಿದರೆ ಅದನ್ನು ಒಳಗೊಳಗೇ ಕಾಡುವ ಆಮ್ಲೀಯತೆ ಎನ್ನುತ್ತಾರೆ. ಒಮ್ಮೆಲೇ ಮಿತಿಮೀರಿ ಕಾಳು ತಿಂದಾಗ ಲ್ಯಾಕ್ಟಿಕ್ ಆಮ್ಲ ಶೇಖರವಾಗಿ ಪ್ರಾಣಕ್ಕೇ ಅಪಾಯವಾಗುವುದನ್ನು ರಾಬರ್ಟ್ ಹಂಗೇಟ್ ಮತ್ತು ಸಂಗಡಿಗರು 1952ರಲ್ಲಿ ಕುರಿಗಳ ಅಧ್ಯಯನದ ಮೂಲಕ ವಿವರಿಸಿದರು. ಹಬ್ಬ, ಮದುವೆಗಳ ಮರುದಿನ ಮಿಕ್ಕ ಅನ್ನವನ್ನೋ ಪಾಯಸವನ್ನೋ ತಿಂದ ಹಸು ಹೊಟ್ಟೆಯುಬ್ಬರಿಸಿ ಕೆಡೆಯುವುದಕ್ಕೆ ಕಾರಣವೂ ಇದೇ.

ಫೀಡ್‌ಲಾಟ್‌ಗಳಿಂದ ದೊರೆತ ತಿಳಿವು

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಮುಸುಕಿನ ಜೋಳ ಅಗ್ಗವಾಗಿ ಹೇರಳವಾದಾಗ ಟೆಕ್ಸಸ್, ಕಾನ್ಸಾಸ್, ನೆಬ್ರಾಸ್ಕ ಪ್ರಾಂತಗಳಲ್ಲಿ ಬೃಹತ್ ಫೀಡ್‌ಲಾಟ್‌ಗಳು ಬೆಳೆದವು. ಅಲ್ಲಿ ಕೊನೆಯ ಹಂತದ ಹೋರಿಗಳ ಒಣ ಆಹಾರದಲ್ಲಿ ಬಹುಪಾಲು ಕಾಳೇ ಇದ್ದು, ಹುಲ್ಲು ಹತ್ತರಲ್ಲೊಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಇಂಥ ಆಹಾರದಲ್ಲಿ ತಿನ್ನುವ ಮತ್ತು ಮೆಲುಕು ಹಾಕುವ ಹೊತ್ತು ಬಹಳ ಕುಗ್ಗುತ್ತದೆ. ಆಮ್ಲೀಯತೆಗೆ ಒಳಗಾದ ಹೋರಿ ಒಂದು ದಿನ ಆಹಾರ ಬಿಟ್ಟು ಮರುದಿನ ಮುಗಿಬೀಳುತ್ತದೆ. ಈ ಏರಿಳಿತವು ಹೊಟ್ಟೆಯ ಸ್ಥಿತಿಯನ್ನು ಮತ್ತಷ್ಟು ಕೆಡಿಸುತ್ತದೆ. ಆದಕಾರಣ ಪ್ರತಿದಿನ ಬೆಳಿಗ್ಗೆ ಗೋದಲಿಯಲ್ಲಿ ಉಳಿದದ್ದನ್ನೂ ರಾಸುಗಳು ಅದರ ಬಳಿಗೆ ಬರುವ ರೀತಿಯನ್ನೂ ಪರೀಕ್ಷಿಸಿ ಆ ದಿನದ ಪ್ರಮಾಣ ನಿರ್ಧರಿಸುವುದು ಅಲ್ಲಿ ಒಂದು ವೃತ್ತಿಕೌಶಲವಾಗಿ ಬೆಳೆಯಿತು. ಹುಲ್ಲಿನಿಂದ ಕಾಳಿಗೆ ಸುಮಾರು ಮೂರು ವಾರಗಳಲ್ಲಿ ಹಂತಹಂತವಾಗಿ ಒಗ್ಗಿಸುವ ಕ್ರಮವೂ ರೂಢಿಗೆ ಬಂತು.

1971ರಲ್ಲಿ ಇಂಗ್ಲೆಂಡಿನ ಸಿ. ಸಿ. ಬಾಲ್ಚ್, ಮೇವಿನ ನಾರಿನ ಗುಣವನ್ನು ಅದು ರಾಸಿಗೆ ಕೊಡುವ ಅಗಿತದ ಹೊತ್ತಿನಿಂದಲೇ ಅಳೆಯಬಹುದೆಂದು ಸೂಚಿಸಿದಾಗ ವರ್ತನೆ ಒಂದು ಅಳತೆಗೋಲಾಯಿತು. 1990ರ ದಶಕದಲ್ಲಿ ಸ್ವೀಡನ್ನಿನ ಇಂಗ್ರಿಡ್ ರೆಡ್ಬೋ, ಕಟ್ಟಿಹಾಕಿದ ಕಡಸುಗಳಲ್ಲಿ ನಾಲಿಗೆಯನ್ನು ಹೊರಚಾಚಿ ಸುತ್ತಿಸುವುದು, ಕಂಬಿ ಕಚ್ಚುವುದು ಮುಂತಾದ ನಿರರ್ಥಕ ಪುನರಾವರ್ತನೆಗಳನ್ನು ಅಭ್ಯಸಿಸಿ, ಕಟ್ಟಿಹಾಕುವುದಕ್ಕೂ ಮೇವಿನ ಕೊರತೆಗೂ ಅವುಗಳಿಗೂ ಇರುವ ನಂಟನ್ನು ತೋರಿಸಿದರು. 2002ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗವೊಂದರಲ್ಲಿ, ಕಾಳಿನಿಂದ ಆಮ್ಲೀಯತೆ ಉಂಟುಮಾಡಿದ ಹಸುಗಳ ಮುಂದೆ ಎರಡು ಬಗೆಯ ಮೇವಿಟ್ಟಾಗ, ಅವು ಪುಡಿಮಾಡಿ ಒತ್ತಿದ ಕುದುರೆಮಸಾಲೆ ಗುಳಿಗೆಗಿಂತ ಉದ್ದನೆಯ ಒಣ ಕುದುರೆಮಸಾಲೆ ಮೇವಿನ ಕಡೆಗೆ ಹೆಚ್ಚು ಒಲಿದವು. ತನ್ನ ಹೊಟ್ಟೆಗೆ ಬೇಕಾದ ಪರಿಹಾರವನ್ನು ಹಸು ತಾನೇ ಆರಿಸಿಕೊಳ್ಳಬಲ್ಲದು ಎಂಬುದಕ್ಕೆ ಇದು ಮಹತ್ವದ ಆಧಾರ.

ಕೋಲಾರದ ಕೊಟ್ಟಿಗೆಯಲ್ಲಿ

ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಸೀಮೆಯ ಹಸುವಿಗೆ ಕಾಳು ಮುಖ್ಯವಾಗಿ ಎರಡು ಹಾಲು ಕರೆಯುವ ಹೊತ್ತುಗಳಲ್ಲಿ ಸಿಗುತ್ತದೆ. ಒಂದೇ ಸಲಕ್ಕೆ ಸುರಿದ ಹಲವು ಕಿಲೋ ದಾಣಿ ಮಿಶ್ರಣವನ್ನು ಅದು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ. ಹುಲ್ಲಿನೊಂದಿಗೆ ಬೆರೆಸಿದ್ದರೆ ಮೂತಿಯಿಂದ ಹುಲ್ಲನ್ನು ಬದಿಗೆ ತಳ್ಳಿ ತಳದ ಗುಳಿಗೆಗಳನ್ನೇ ಹೆಕ್ಕುತ್ತದೆ. ಬೇಸಿಗೆಯಲ್ಲಿ ತೇಕುವ ಸೀಮೆಹಸು ಹಗಲು ಮೇವು ಬಿಟ್ಟು ತಂಪು ಹೊತ್ತಿನಲ್ಲಿ ಒಟ್ಟಿಗೆ ತಿನ್ನುವುದರಿಂದ ಆಮ್ಲೀಯತೆಯ ಅಪಾಯ ಇನ್ನೂ ಹೆಚ್ಚು. ಮಲಗಿದ ಹಸುಗಳಲ್ಲಿ ಮೆಲುಕು ಹಾಕುವವು ಕಡಿಮೆಯಾಗುವುದು, ಸಗಣಿ ತೆಳ್ಳಗಾಗಿ ಅದರಲ್ಲಿ ನೊರೆಯೂ ಅರೆಯದ ಕಾಳೂ ಕಾಣಿಸುವುದು, ಗೊರಸಿನ ನೋವಿನಿಂದ ಬೆನ್ನು ಬಾಗಿಸಿ ಕಾಲು ಬದಲಿಸುತ್ತ ನಿಲ್ಲುವುದು ಇದರ ಲಕ್ಷಣಗಳು.

ಇದೇ ಸಂಗತಿಗೆ ಮತ್ತೊಂದು ಸಾಕ್ಷಿ ಹಾಲಿನ ಡೈರಿಯಲ್ಲಿ ದೊರೆಯುತ್ತದೆ. ನಾರು ಕಡಿಮೆಯಾದಾಗ ಹಾಲಿನ ಕೊಬ್ಬಿಗೆ ಬೇಕಾದ ಅಸಿಟಿಕ್ ಆಮ್ಲದ ಪಾಲು ತಗ್ಗುವುದಲ್ಲದೆ ರೂಮೆನ್ನಿನಲ್ಲಿ ಕೊಬ್ಬಿನ ಪರಿವರ್ತನೆಯೂ ದಾರಿ ತಪ್ಪಿ ಫ್ಯಾಟ್ ಇಳಿಯುತ್ತದೆ. ಫ್ಯಾಟ್ ಇಳಿದರೆ ದರ ಇಳಿಯುತ್ತದೆ. ಆಗ ಹಾಲಿನ ಪ್ರಮಾಣದಿಂದಲಾದರೂ ನಷ್ಟ ತುಂಬಿಕೊಳ್ಳಲು ಕಾಳನ್ನು ಮತ್ತಷ್ಟು ಹೆಚ್ಚಿಸಿದರೆ ಕಾಯಿಲೆಯ ಮೂಲವೇ ಬಲಗೊಳ್ಳುತ್ತದೆ. ಸಂಘದ ಪುಸ್ತಕದಲ್ಲಿ ದಿನಕ್ಕೆ ಎರಡು ಬಾರಿ ಹಾಲಿನ ಗುಣಮಟ್ಟ ದಾಖಲಾಗುತ್ತದೆ. ಅದಕ್ಕೂ ಮೊದಲೇ ಎಚ್ಚರಿಕೆ ಕೊಡುವ ಮೆಲುಕು ಎಲ್ಲಿಯೂ ದಾಖಲಾಗುವುದಿಲ್ಲ.

ಉಪಸಂಹಾರ

ಹುರುಳಿಯ ಕಾಲದ ಎತ್ತಿಗೆ ಹುಲ್ಲು, ನಡಿಗೆ ಮತ್ತು ಒಂದಿಷ್ಟು ಆಯ್ಕೆ ಇದ್ದವು. ಇಂದಿನ ಕೊಟ್ಟಿಗೆ ಹಸುವಿಗೆ ಹೆಚ್ಚು ಕಸುವಿನ ಆಹಾರವಿದೆ, ಆಯ್ಕೆಯಿಲ್ಲ. ಹಗ್ಗದ ಉದ್ದಕ್ಕೆ ಸೀಮಿತವಾದ ಪ್ರಾಣಿಯ ಪರವಾಗಿ ಆರಿಸುವ ಹೊಣೆ ಸಾಕುವವರ ಮೇಲಿದೆ. ದಾಣಿಗೆ ಮೊದಲು ಹುಲ್ಲು ಹಾಕುವುದು, ದಿನದ ದಾಣಿಯನ್ನು ಮೂರು ನಾಲ್ಕು ಪಾಲು ಮಾಡುವುದು, ಹುಲ್ಲನ್ನು ತೀರ ಸಣ್ಣಗೆ ಕತ್ತರಿಸದಿರುವುದು, ಹೊಸ ಆಹಾರಕ್ಕೆ ಎರಡು ಮೂರು ವಾರಗಳಲ್ಲಿ ಒಗ್ಗಿಸುವುದು, ನೀರು ಸದಾ ಇರುವಂತೆ ನೋಡಿಕೊಳ್ಳುವುದು ಇವೆಲ್ಲ ಹೆಚ್ಚು ಖರ್ಚಿಲ್ಲದ ಕ್ರಮಗಳು. ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಂಥ ಸಂಶೋಧನಾ ಕೇಂದ್ರ ಹತ್ತಿರದಲ್ಲೇ ಇರುವಾಗ, ಹಾಲು ಸಂಘಗಳು ಫ್ಯಾಟ್ ಲೆಕ್ಕದ ಜೊತೆಗೆ ಮೆಲುಕಿನ ಲೆಕ್ಕವನ್ನೂ ಇಡುವಂತೆ ರೈತರಿಗೆ ತರಬೇತಿ ಕೊಡುವುದು ಅಸಾಧ್ಯವೇನಲ್ಲ. ಮಲಗಿ ವಿಶ್ರಮಿಸುತ್ತಿರುವ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುತ್ತಿವೆಯೇ ಎಂದು ಎಣಿಸಲು ಯಂತ್ರ ಬೇಕಿಲ್ಲ. ರಾಗಿಹುಲ್ಲು ಬರಿಯ ಹೊಟ್ಟೆ ತುಂಬಿಸುವ ವಸ್ತುವಲ್ಲ, ಕಾಳು ಮೈಗೆ ಹತ್ತಲು ಬೇಕಾದ ಆಧಾರ. ಕೋಲಾರದ ಹೈನುಗಾರಿಕೆಯ ಮುಂದಿನ ಯೋಜನೆಗಳಲ್ಲಿ ಬಣವೆಗೆ ಮೂಟೆಯಷ್ಟೇ ಸ್ಥಾನ ಸಿಗಬೇಕು.