ಬೆಳ್ಳಕ್ಕಿ ಬಂದ ದಿನ

ಶಿರಸಿ ಹತ್ತಿರ ಸೋಂದಾದ ಮುಂಡಿಗೆಕೆರೆಗೆ ಬೆಳ್ಳಕ್ಕಿ ಬಂದ್ರೆ ಮಳೆಗಾಲ ಬಂತು ಅಂತಲೇ ಲೆಕ್ಕ. ಮುಂಡಿಗೆ ಪೊದೆಗಳ ಮೇಲೆ ಗೂಡು ಕಟ್ಟಿ, ಮರಿ ಮಾಡಿಕೊಂಡು ಹೋಗ್ತವೆ. ನಮ್ಮಜ್ಜ ಅಡಿಕೆ ಲೆಕ್ಕ ಪೈಸೆ ಬಿಡದೆ ಬರೆದಿಟ್ಟಿದ್ದ. ಹಕ್ಕಿ ಬಂದ ದಿನ ಮಾತ್ರ ಬರೆಯಲಿಲ್ಲ.

ಗೂಡಿನ ಲೆಕ್ಕ ಬರೆದವನು ನಮ್ಮ ಜಿಲ್ಲೆಯ ಬ್ರಿಟಿಷ್ ಕಲೆಕ್ಟರ್ ಜೇಮ್ಸ್ ಡೇವಿಡ್ಸನ್. ಮೊಟ್ಟೆ ಸಂಗ್ರಹ ಅವನ ಹುಚ್ಚು. ಕಳ್ಳನೇ ಅನ್ನಿ! ಆದ್ರೆ 1898ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್‌ನಲ್ಲಿ ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ ಬರೆದ.

ಮರಿಗೆ ಆಹಾರ ಹೇರಳವಾಗಿ ಸಿಗೋ ಕಾಲಕ್ಕೆ ಸರಿಯಾಗಿ ಹಕ್ಕಿ ಮೊಟ್ಟೆ ಇಡಬೇಕು. ಮಳೆ, ಹಗಲಿನ ಉದ್ದ ಬರೀ ಸೂಚನೆ. 1938ರಲ್ಲಿ ಜಾನ್ ಬೇಕರ್ ಇವೆರಡನ್ನೂ ಬೇರೆ ಮಾಡಿ ತೋರಿಸಿದ. ಈಗ ಮಳೆಯೇ ಹೊತ್ತು ತಪ್ತಿದೆ. ಹಳೇ ಲಾಗ್ ಇಲ್ಲದೆ ಬಗ್ ಹುಡುಕೋದು ಹೇಗೆ?

ಆಯಿಗೆ ಹೇಳಿದ್ದೇನೆ: ಈ ಸಲ ಬೆಳ್ಳಕ್ಕಿ ಬಂದ ದಿನ ಕ್ಯಾಲೆಂಡರಿನಲ್ಲಿ ಗೀಟು ಹಾಕು.