ಡಿಜಿಟಲ್ ಬೀಗ ಮತ್ತು ಸಂಗೀತದ ಗ್ರಾಹಕ: ಪುಣೆಯ ಹಿಂದೂಸ್ತಾನಿ ಧ್ವನಿಮುದ್ರಣಗಳ ನೆಲೆಯಲ್ಲಿ ಒಂದು ವಿವೇಚನೆ

ಡಿಜಿಟಲ್ ಹಕ್ಕು ನಿರ್ವಹಣೆ, ಅಂದರೆ ಡಿಆರ್‌ಎಂ, ಹಾಡಿನ ಕಡತವನ್ನು ಗೂಢಲಿಪಿಗೆ ತಿರುಗಿಸಿ, ಅದನ್ನು ಯಾವ ಸಾಧನದಲ್ಲಿ, ಎಷ್ಟು ಕಾಲ ಕೇಳಬಹುದೆಂಬುದನ್ನು ಮಾರಿದವರ ಹತೋಟಿಯಲ್ಲೇ ಉಳಿಸುವ ತಾಂತ್ರಿಕ ವ್ಯವಸ್ಥೆ. ಕಡತ ಗ್ರಾಹಕನ ಫೋನಿನಲ್ಲಿದ್ದರೂ ಕೀಲಿ ಕಂಪನಿಯ ಕೈಯಲ್ಲಿರುತ್ತದೆ.

ಕೊಂಡ ಹಾಡಿನ ಹತೋಟಿ ಹೀಗೆ ಗ್ರಾಹಕನಿಂದ ಕಂಪನಿಗೆ ಸರಿದ ಬದಲಾವಣೆಯ ತೂಕ ಪುಣೆಯಂಥ ಊರಿನಲ್ಲಿ ಸ್ಪಷ್ಟವಾಗುತ್ತದೆ. ಕುಂದಗೋಳದ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಸ್ಮರಣೆಯ ಸಂಗೀತೋತ್ಸವ 1953ರಲ್ಲಿ ಆರಂಭವಾದದ್ದು ಇಲ್ಲಿ. ಅವರ ಶಿಷ್ಯ, ಗದಗ ನೆಲದ ಭೀಮಸೇನ ಜೋಶಿ ನೆಲೆಸಿದ್ದೂ ಇಲ್ಲಿಯೇ. ಅಲೂರ್ಕರ್ ಮ್ಯೂಸಿಕ್ ಹೌಸ್ ಹಿಂದೂಸ್ತಾನಿ ಗಾಯನದ ಧ್ವನಿಸುರುಳಿಗಳನ್ನು ಹೊರತಂದದ್ದು ಇದೇ ಊರಿನಿಂದ. ಧ್ವನಿಸುರುಳಿ ಕೊಂಡವರು ಅದನ್ನು ಶಿಷ್ಯರಿಗೆ ಎರವಲು ಕೊಡಬಹುದಿತ್ತು, ಮಾರಬಹುದಿತ್ತು, ಮಕ್ಕಳಿಗೆ ಬಿಟ್ಟುಹೋಗಬಹುದಿತ್ತು.

ಆ್ಯಪಲ್ ಕಂಪನಿ 2003ರಲ್ಲಿ ಐಟ್ಯೂನ್ಸ್ ಮಳಿಗೆಯ ಹಾಡುಗಳಿಗೆ ‘ಫೇರ್‌ಪ್ಲೇ’ ಬೀಗ ಹಾಕಿತು, 2009ರಲ್ಲಿ ತೆಗೆಯಿತು. ಆ ಮಳಿಗೆ ಭಾರತಕ್ಕೆ ಬಂದದ್ದು 2012ರ ಡಿಸೆಂಬರಿನಲ್ಲಿ. ಅದೇ ವರ್ಷ ಫ್ಲಿಪ್‌ಕಾರ್ಟ್ ಆರಂಭಿಸಿದ ‘ಫ್ಲೈಟ್’ ಕೂಡ ಬೀಗವಿಲ್ಲದ ಎಂಪಿ3 ಕಡತಗಳನ್ನೇ ಮಾರಿತು. 2013ರಲ್ಲಿ ಅದು ಮುಚ್ಚಿದರೂ ಕೊಂಡ ಹಾಡುಗಳು ಗ್ರಾಹಕರಲ್ಲಿ ಉಳಿದವು. ಚಂದಾ ಪದ್ಧತಿ ಬೀಗವನ್ನು ಮರಳಿ ತಂದಿತು. 2019ರಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈನಲ್ಲಿ ಇಳಿಸಿಕೊಂಡ ಹಾಡು ಆ್ಯಪಿನೊಳಗೆ ಮಾತ್ರ ನುಡಿಯುತ್ತದೆ. 30 ದಿನಗಳಲ್ಲಿ ಒಮ್ಮೆಯಾದರೂ ಅಂತರ್ಜಾಲಕ್ಕೆ ಜೋಡಿಸದಿದ್ದರೆ ಅದೂ ಇಲ್ಲ. ಚಂದಾ ನಿಂತರೆ ಇಳಿಸಿಕೊಂಡದ್ದೂ ಕೈತಪ್ಪುತ್ತದೆ.

2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ ಸೆಕ್ಷನ್ 65ಎ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಹಾಗೂ ದಂಡ ವಿಧಿಸಬಹುದು. ಉದ್ದೇಶವೇ ಇಲ್ಲಿ ನಿರ್ಣಾಯಕ. ಕಾಯ್ದೆ ನಿಷೇಧಿಸದ ಕಾರ್ಯಕ್ಕಾಗಿ ಬೀಗ ತೆರೆಯುವುದು ಅಪರಾಧವಲ್ಲ. ಖಾಸಗಿ ಬಳಕೆ ಮತ್ತು ಸಂಶೋಧನೆಗೆ ಸೆಕ್ಷನ್ 52 ನ್ಯಾಯೋಚಿತ ಅವಕಾಶವನ್ನೂ ಕೊಡುತ್ತದೆ. ಆದರೆ ಬೀಗ ತೆರೆಯಲು ನೆರವಾಗುವವರು ನೆರವು ಪಡೆದವರ ಹೆಸರು, ವಿಳಾಸ, ಉದ್ದೇಶಗಳನ್ನು ದಾಖಲಿಸಿಡಬೇಕು. ಕೀಲಿ ಒದಗಿಸುವ ಹೊಣೆಯನ್ನು ಕಾಯ್ದೆ ಕಂಪನಿಗೆ ಹೊರಿಸಿಲ್ಲ.

ಬೀಗಕ್ಕೆ ಕೃತಿಸ್ವಾಮ್ಯದ ಅವಧಿಯೂ ತಿಳಿಯದು. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷ. ಸವಾಯಿ ಗಂಧರ್ವರು ತೀರಿಕೊಂಡದ್ದು 1952ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಗ್ರಾಮಫೋನ್ ತಟ್ಟೆಗಳ ಮೇಲಿನ ಆ ಹಕ್ಕು 2012ರ ಕೊನೆಯೊಳಗೇ ಮುಗಿದಿದೆ. ಅದೇ ಗಾಯನ ಚಂದಾ ಆ್ಯಪಿನಿಂದ ಇಳಿದಾಗ ಮಾತ್ರ ಹೊಸ ಹಾಡಿನಷ್ಟೇ ಬಿಗಿಯಾಗಿ ಬಂಧಿತವಾಗಿರುತ್ತದೆ.

ಕಾನೂನು ಕೊಟ್ಟ ಅವಕಾಶವನ್ನು ತಂತ್ರಜ್ಞಾನ ಹೀಗೆ ಹಿಂತೆಗೆದುಕೊಳ್ಳುತ್ತದೆ. ನ್ಯಾಯೋಚಿತ ಬಳಕೆಗೆ ಕೀಲಿ ಒದಗಿಸುವುದನ್ನು ಕಡ್ಡಾಯಗೊಳಿಸುವವರೆಗೆ ಸೆಕ್ಷನ್ 52ರ ರಕ್ಷಣೆ ಸಂಗೀತದ ಗ್ರಾಹಕನಿಗೆ ಕಾಗದದ ಮೇಲಷ್ಟೇ ಉಳಿಯುತ್ತದೆ.