ಸಾಲೆಣಿಕೆ: ಗೋಷ್ವಾರೆಯಿಂದ ‘ಭೂಮಿ’ ತಂತ್ರಾಂಶದವರೆಗೆ

ಮೇಜಿನ ಮೇಲಿನ ಕಂಪ್ಯೂಟರಿನಿಂದ ಡೇಟಾಬೇಸಿಗೆ ಒಂದು ಪ್ರಶ್ನೆ ಕಳಿಸಿ, ಉತ್ತರವಾಗಿ ಎಷ್ಟು ಸಾಲುಗಳು ಸಿಗುತ್ತವೆ ಎಂದು ತಿಳಿಯುವ ಕ್ರಮವೇ ಸಾಲೆಣಿಕೆ. ಬ್ಯಾಂಕು, ಆಸ್ಪತ್ರೆ, ಸಕ್ಕರೆ ಕಾರ್ಖಾನೆ ಎಲ್ಲೆಡೆಯೂ ಇದು ದಿನವೂ ನಡೆಯುವ ಕೆಲಸ. ಕರ್ನಾಟಕದ ಹಳ್ಳಿಗರ ಬದುಕಿಗೆ ಇದು ತಟ್ಟಿದ್ದು ಜಮೀನಿನ ಹಕ್ಕು, ಬೆಳೆಗಳ ದಾಖಲೆಯಾದ ಪಹಣಿಯ ಮೂಲಕ. ಪಹಣಿಯನ್ನು ಬೆಳಗಾವಿ ಜಿಲ್ಲೆಯ ಕಾಗವಾಡ, ಅಥಣಿ, ಚಿಕ್ಕೋಡಿ ಕಡೆಯ ಜನ ‘ಉತಾರ’ ಎನ್ನುತ್ತಾರೆ. ಅದು ಮುಂಬಯಿ ಆಡಳಿತದ ಕಾಲದಿಂದ ಉಳಿದು ಬಂದ ಮಾತು. ಈ ಲೇಖನ ಸಾಲೆಣಿಕೆಯ ಇತಿಹಾಸವನ್ನು ಆ ಉತಾರದ ಜಾಡು ಹಿಡಿದೇ ಹೇಳುತ್ತದೆ.

ಕಾಗದದ ಕಾಲ

1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಅಲ್ಲಿನ ಕಂದಾಯ ಪದ್ಧತಿಯಲ್ಲಿ ಜಮೀನಿನ ಹಕ್ಕಿಗೆ 7ನೇ ನಮೂನೆ, ಬೆಳೆಗೆ 12ನೇ ನಮೂನೆ. ಎರಡೂ ಸೇರಿ ‘ಸಾತಬಾರಾ’. ಇವನ್ನು ಸರ್ವೆ ನಂಬರಿನ ಪ್ರಕಾರ ಬರೆಯುತ್ತಿದ್ದರು. ಒಬ್ಬ ಖಾತೆದಾರನಿಗೆ ಎಲ್ಲೆಲ್ಲಿ ಎಷ್ಟೆಷ್ಟು ಜಮೀನಿದೆ ಎಂದು ಒಟ್ಟಿಗೆ ತೋರಿಸಲು ಬೇರೆಯೇ ಆದ 8-ಅ ನಮೂನೆ ಇತ್ತು. ಭೂಮಿಯನ್ನು ಎಣಿಸುವುದು ಬೇರೆ, ಮನುಷ್ಯರನ್ನು ಎಣಿಸುವುದು ಬೇರೆ ಎಂಬ ತಿಳಿವಳಿಕೆ ಊರಿನ ಕಂದಾಯ ಲೆಕ್ಕ ಬರೆಯುವ ತಲಾಠಿಯ ದಪ್ತರದಲ್ಲಿ ಕಂಪ್ಯೂಟರಿಗಿಂತ ಬಹಳ ಮೊದಲೇ ಇತ್ತು. ಪುಟಗಳ ಮೊತ್ತ ಹಾಕಿ ಮೇಲಿನವರಿಗೆ ಕಳಿಸುವ ಸಾರಾಂಶಕ್ಕೆ ‘ಗೋಷ್ವಾರೆ’ ಎಂದು ಹೆಸರು. ಮುಂದೆ ಕರ್ನಾಟಕದ 1964ರ ಭೂಕಂದಾಯ ಕಾಯ್ದೆ ಬಂದು, ಪಹಣಿ 16ನೇ ನಮೂನೆಯಾಯಿತು. ಗಡಿಯ ಆಚೆ ಮಿರಜ ಕಡೆಯಲ್ಲಿ ಸಾತಬಾರಾ ಹಾಗೇ ಉಳಿಯಿತು.

ಪ್ರಶ್ನೆಯ ಭಾಷೆ

1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಮಾಹಿತಿಯನ್ನು ಕೋಷ್ಟಕಗಳಾಗಿ ಇಡುವ ಸಂಬಂಧಾತ್ಮಕ ಮಾದರಿಯನ್ನು ಪ್ರಕಟಿಸಿದರು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ರೂಪಿಸಿದ ‘ಸೀಕ್ವೆಲ್’ ಭಾಷೆ ಮುಂದೆ ಎಸ್‌ಕ್ಯೂಎಲ್ ಆಯಿತು. 1986ರಲ್ಲಿ ಅದಕ್ಕೆ ಅಮೆರಿಕದ ಮಾನಕ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಎಣಿಸಲು ಈ ಭಾಷೆಯಲ್ಲಿರುವ ಪದ ‘ಕೌಂಟ್’. ಅದಕ್ಕೆ ಮೂರು ರೂಪ. ನಕ್ಷತ್ರ ಚಿಹ್ನೆ ಕೊಟ್ಟರೆ ಎಲ್ಲ ಸಾಲುಗಳನ್ನೂ ಎಣಿಸುತ್ತದೆ. ಒಂದು ಕಾಲಮ್ಮಿನ ಹೆಸರು ಕೊಟ್ಟರೆ ಆ ಕಾಲಮ್ಮು ಖಾಲಿ ಇರುವ ಸಾಲುಗಳನ್ನು ಬಿಡುತ್ತದೆ. ‘ಡಿಸ್ಟಿಂಕ್ಟ್’ ಸೇರಿಸಿದರೆ ಒಂದೇ ಮೌಲ್ಯ ಎಷ್ಟು ಸಲ ಬಂದರೂ ಒಂದೇ ಎಂದು ಹಿಡಿಯುತ್ತದೆ. ಬೆಳೆಯ ಕಾಲಮ್ಮನ್ನು ಎಣಿಸಿದರೆ ಬೆಳೆ ನಮೂದಾಗದ ಹೊಲಗಳು ಲೆಕ್ಕದಿಂದ ಜಾರಿಹೋಗುತ್ತವೆ. ತೆರೆಯ ಮೇಲಿನ ಅಂಕಿಯಲ್ಲಿ ಇದರ ಸುಳಿವೇ ಇರುವುದಿಲ್ಲ. ಹಾಗಾಗಿ ಮೂರರಲ್ಲಿ ಯಾವುದನ್ನು ಬಳಸಿದೆ ಎಂದು ತಿಳಿಯದೆ ಅಂಕಿಯನ್ನು ಓದಬಾರದು.

1980ರ ದಶಕದಲ್ಲಿ ಚಿಕ್ಕ ಕಚೇರಿಗಳಿಗೆ ಬಂದದ್ದು ಡಿಬೇಸ್, ಆಮೇಲೆ ಫಾಕ್ಸ್‌ಪ್ರೊ. ಫೈಲು ಅದೇ ಯಂತ್ರದಲ್ಲಿ ಇರುತ್ತಿದ್ದುದರಿಂದ ಎಣಿಕೆ ಸರಳವಾಗಿತ್ತು. ಒಟ್ಟು ದಾಖಲೆ ಎಷ್ಟೆಂದು ಫೈಲಿನ ತಲೆಭಾಗದಲ್ಲೇ ಬರೆದಿರುತ್ತಿತ್ತು.

ಡೇಟಾಬೇಸು ಬೇರೆ ಸರ್ವರಿಗೆ ಹೋಗಿ, ವಿಷುವಲ್ ಬೇಸಿಕ್‌ನಲ್ಲಿ (1991) ಬರೆದ ತಂತ್ರಾಂಶ ಮೇಜಿನಲ್ಲಿ ಉಳಿದಾಗ ತೊಡಕು ಶುರುವಾಯಿತು. ಸರ್ವರು ಸಾಲುಗಳನ್ನು ಒಂದೊಂದಾಗಿ ಹರಿಸುತ್ತದೆ. ಕೊನೆಯ ಸಾಲು ಬರುವವರೆಗೆ ಒಟ್ಟು ಎಷ್ಟೆಂದು ಮೇಜಿನ ತಂತ್ರಾಂಶಕ್ಕೂ ಗೊತ್ತಿರುವುದಿಲ್ಲ. ಮೈಕ್ರೋಸಾಫ್ಟಿನ ಎಡಿಒದಲ್ಲಿ ಮುಂದಕ್ಕಷ್ಟೇ ಸಾಗುವ ಕರ್ಸರಿನಿಂದ ಓದುವಾಗ ‘ರೆಕಾರ್ಡ್‌ಕೌಂಟ್’ ಕೇಳಿದರೆ ಮೈನಸ್ ಒಂದು ಬರುತ್ತದೆ. ಹೊಸಬರು ಇದನ್ನು ದೋಷ ಎಂದುಕೊಳ್ಳುತ್ತಾರೆ, ಆದರೆ ಅದು ‘ಇನ್ನೂ ತಿಳಿದಿಲ್ಲ’ ಎಂಬ ಪ್ರಾಮಾಣಿಕ ಉತ್ತರ. ಅದಕ್ಕೂ ಹಿಂದಿನ ಡಿಎಒದಲ್ಲಿ ಕೊನೆಯ ದಾಖಲೆಯವರೆಗೆ ಹೋಗದೆ ಕೇಳಿದರೆ ಅಲ್ಲಿಯವರೆಗೆ ಮುಟ್ಟಿದ ಸಾಲುಗಳ ಸಂಖ್ಯೆಯಷ್ಟೇ ಸಿಗುತ್ತಿತ್ತು. ಅದು ನೋಡಲು ಸರಿಯಾದ ಅಂಕಿಯಂತೆಯೇ ಇರುತ್ತಿದ್ದುದರಿಂದ ಹೆಚ್ಚು ಅಪಾಯದ್ದು.

ದಾರಿ ಎರಡು. ಎಲ್ಲ ಸಾಲುಗಳನ್ನೂ ಮೇಜಿಗೆ ತಂದು ಎಣಿಸಬಹುದು, ಆದರೆ ಲಕ್ಷಗಟ್ಟಲೆ ಸಾಲಿದ್ದರೆ ಯಂತ್ರ ಕುಸಿಯಬಹುದು. ಇಲ್ಲವೇ ಮೊದಲು ‘ಕೌಂಟ್’ ಪ್ರಶ್ನೆ, ಆಮೇಲೆ ಸಾಲುಗಳ ಪ್ರಶ್ನೆ ಎಂದು ಎರಡು ಸಲ ಕೇಳಬಹುದು. ಆಗ ಎರಡರ ನಡುವೆ ಪಕ್ಕದ ಮೇಜಿನವರು ಒಂದು ವಾರಸಾ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಆಗುವ) ನೋಂದಣಿ ಮಂಜೂರು ಮಾಡಿದರೆ ಎಣಿಕೆ ಒಂದು ಹೇಳುತ್ತದೆ, ಪಟ್ಟಿ ಇನ್ನೊಂದು ಹೇಳುತ್ತದೆ. ಎರಡೂ ಪ್ರಶ್ನೆಗಳನ್ನು ಒಂದೇ ವಹಿವಾಟಿನೊಳಗೆ (ಟ್ರಾನ್ಸಾಕ್ಷನ್), ಒಂದೇ ಕ್ಷಣದ ಚಿತ್ರದ ಮೇಲೆ ನಡೆಸುವುದು ಇದಕ್ಕೆ ಮದ್ದು. ಮೈಕ್ರೋಸಾಫ್ಟಿನದೇ ಡೇಟಾಬೇಸಾದ ಎಸ್‌ಕ್ಯೂಎಲ್ ಸರ್ವರಿಗೆ ಅಂಥ ಸೌಲಭ್ಯ 2005ರ ಆವೃತ್ತಿಯಲ್ಲಿ ಬಂತು.

‘ಭೂಮಿ’

ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲು ಕಂದಾಯ ಇಲಾಖೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದಿಂದ ನಡೆಸಿದ ‘ಭೂಮಿ’ ಯೋಜನೆ ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, 2000ದ ದಶಕದ ಮೊದಲ ವರ್ಷಗಳಲ್ಲಿ 177 ತಾಲ್ಲೂಕುಗಳನ್ನು ಮುಟ್ಟಿತು. ಇದನ್ನು ಮುನ್ನಡೆಸಿದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಮುದ್ರಿತ ಪ್ರತಿಗೆ ಆಗ 15 ರೂಪಾಯಿ ಇತ್ತು. ಸಿಬ್ಬಂದಿ ಬೆರಳಚ್ಚು ಕೊಟ್ಟು ತಂತ್ರಾಂಶದ ಒಳಹೋಗಬೇಕಿತ್ತು, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕಿತ್ತು. ಕಿಟಕಿಯಲ್ಲಿ ರೈತನ ಕಡೆಗೆ ತಿರುಗಿಸಿಟ್ಟ ಎರಡನೆಯ ತೆರೆಯೂ ಇತ್ತು. ಇಡೀ ಯೋಜನೆಯಲ್ಲಿ ಅತ್ಯಂತ ನ್ಯಾಯವಾದ ಉಪಾಯ ಅದೇ ಎಂದು ಈ ಲೇಖಕನ ಅಭಿಪ್ರಾಯ. ಅಲ್ಲಿಯವರೆಗೆ ದಪ್ತರದ ಮೇಲೆ ಏನು ಬರೆದಿದೆ ಎಂದು ರೈತ ತಲೆ ಬಾಗಿಸಿ ಕೇಳಬೇಕಿತ್ತು.

ಪ್ರತಿ ತಾಲ್ಲೂಕಿಗೂ ತನ್ನದೇ ಸರ್ವರು ಇದ್ದುದರಿಂದ ಆಗ ರಾಜ್ಯದ ಒಟ್ಟು ಎಂದರೆ 177 ಎಣಿಕೆಗಳ ಮೊತ್ತ. ಯೋಜನೆಯ ಪ್ರಸಿದ್ಧ ಅಂಕಿಗಳು ಎರಡು: ಸುಮಾರು 2 ಕೋಟಿ ಪಹಣಿ, ಸುಮಾರು 67 ಲಕ್ಷ ರೈತರು. ಒಬ್ಬ ರೈತನಿಗೆ ಹಲವು ಸರ್ವೆ ನಂಬರು ಇರಬಹುದು, ಸರ್ವೆ ನಂಬರಿನ ಒಂದು ಭಾಗಕ್ಕೆ, ಅಂದರೆ ಹಿಸ್ಸೆಗೆ, ಅಣ್ಣತಮ್ಮಂದಿರು, ಅಕ್ಕತಂಗಿಯರು ಸೇರಿ ಎಂಟು ಮಾಲೀಕರೂ ಇರಬಹುದು. ಜಮೀನಿನ ಕೋಷ್ಟಕಕ್ಕೆ ಮಾಲೀಕರ ಕೋಷ್ಟಕ ಜೋಡಿಸಿದರೆ ಆ ಒಂದು ಹಿಸ್ಸೆ ಎಂಟು ಸಾಲಾಗುತ್ತದೆ. ಅದರ 2 ಎಕರೆ 10 ಗುಂಟೆಯನ್ನು ಸಾಲಿಗೊಮ್ಮೆ ಕೂಡಿದರೆ 18 ಎಕರೆ!

ಹೆಸರಿನ ಕಾಗುಣಿತ ಇನ್ನೊಂದು ತೊಡಕು. ಒಬ್ಬನದೇ ಹೆಸರು ಒಂದು ಕಡೆ ‘ಪಾಟೀಲ’, ಇನ್ನೊಂದು ಕಡೆ ‘ಪಾಟೀಲ್’, ಮತ್ತೊಂದು ಕಡೆ ‘ಪಾಟಿಲ’ ಎಂದು ದಾಖಲಾದರೆ ‘ಡಿಸ್ಟಿಂಕ್ಟ್’ ಮೂವರನ್ನು ಎಣಿಸುತ್ತದೆ. ಕನ್ನಡ, ಮರಾಠಿ ಎರಡರಲ್ಲೂ ಬರೆಯುವ ಗಡಿಯಲ್ಲಿ ಇದಕ್ಕೆ ಅವಕಾಶ ಹೆಚ್ಚು. ಊರ ಹೆಸರಿನದೂ ಅದೇ ಪಾಡು: ಉಗಾರ ಖುರ್ದ, ಉಗಾರ ಬುದ್ರುಕ ಬೇರೆ ಬೇರೆ ಊರುಗಳು. ಬರೀ ‘ಉಗಾರ’ ಎಂದು ಹುಡುಕಿದವರಿಗೆ ಎರಡೂ ಕಲಸಿ ಸಿಗುತ್ತವೆ. ಇದಕ್ಕೇ ಊರಿಗೊಂದು ಸಂಕೇತ ಸಂಖ್ಯೆ ಬೇಕಾದದ್ದು.

ತಾಲ್ಲೂಕು ಒಡೆದಾಗ

2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಿತವಾದ 49 ಹೊಸ ತಾಲ್ಲೂಕುಗಳಲ್ಲಿ ಕಾಗವಾಡ ಒಂದು, ನಿಪ್ಪಾಣಿ ಇನ್ನೊಂದು. 2018ರಿಂದ ಕಾಗವಾಡ, ಶೇಡಬಾಳ, ಐನಾಪುರ, ಮಂಗಸೂಳಿ, ಉಗಾರಗಳ ಲೆಕ್ಕ ಅಥಣಿಯಿಂದ ಬೇರೆಯಾಯಿತು. ಅಥಣಿಯ ಹಳೆಯ ಎಣಿಕೆಯನ್ನು ಹೊಸದರ ಪಕ್ಕ ಇಟ್ಟು ನೋಡಿದರೆ ಜಮೀನು ಕಡಿಮೆಯಾದಂತೆ ಕಾಣುತ್ತದೆ. ಕೃಷ್ಣೆಯ ದಂಡೆಯ ಒಂದು ಗುಂಟೆಯೂ ಎಲ್ಲಿಗೂ ಹೋಗಿಲ್ಲ, ಪ್ರಶ್ನೆಯಲ್ಲಿರುವ ತಾಲ್ಲೂಕಿನ ಗಡಿ ಬದಲಾಗಿದೆ ಅಷ್ಟೆ.

ಅದೇ 2018ರ ಬೆಳೆಸಾಲ ಮನ್ನಾ ಸಾಲೆಣಿಕೆಗೆ ದೊಡ್ಡ ಪರೀಕ್ಷೆಯಾಯಿತು. ಸಹಕಾರಿ ಸಾಲಕ್ಕೆ 1 ಲಕ್ಷ, ವಾಣಿಜ್ಯ ಬ್ಯಾಂಕಿನ ಸಾಲಕ್ಕೆ 2 ಲಕ್ಷ ರೂಪಾಯಿಯ ಮಿತಿಯನ್ನು ಕುಟುಂಬಕ್ಕೆ ಲೆಕ್ಕ ಹಾಕಬೇಕಿತ್ತು. ಸಾಲದ ಖಾತೆಗಳು, ಸಾಲಗಾರರು, ಪಹಣಿಗಳು, ಕುಟುಂಬಗಳು, ಈ ನಾಲ್ಕರ ಎಣಿಕೆಯೂ ಬೇರೆ ಬೇರೆ. ಅದಕ್ಕಾಗಿ ಆಧಾರ್, ಪಡಿತರ ಚೀಟಿ, ಸರ್ವೆ ನಂಬರು ಮೂರನ್ನೂ ಪಡೆದು ತಾಳೆ ನೋಡಿದರು.

ದಾಖಲೆಗಳು ಈಗ ಒಂದೇ ಕಡೆ ಸೇರಿ, ಎಣಿಕೆ ಮೇಜಿನ ತಂತ್ರಾಂಶದಿಂದ ಬ್ರೌಸರಿಗೆ ಸರಿದಿದೆ. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಅಭಿಯಾನ ಊರೂರಿಗೆ ಬಂದಾಗ, ತೀರಿಕೊಂಡವರ ಹೆಸರಿನಲ್ಲೇ ಉಳಿದ ಪಹಣಿಗಳು ಕಣ್ಣಿಗೆ ಬಿದ್ದವು. ಕಾಗದದ ಮೇಲೆ ಈಗ ‘ಗ್ರಾಮ ಆಡಳಿತ ಅಧಿಕಾರಿ’ಯಾಗಿ, ಜನರ ಬಾಯಲ್ಲಿ ಇನ್ನೂ ತಲಾಠಿಯಾಗಿರುವವರು ಮನೆಗೆ ಹೋಗಿ ವಾರಸಾ ಮಾಡಿಸುವವರೆಗೆ, ಆ ಅಜ್ಜಂದಿರನ್ನೂ ‘ಕೌಂಟ್’ ಎಣಿಸುತ್ತಲೇ ಇರುತ್ತದೆ.